ರೈಮ್ಸ್ ರೌಂಡ್

ನಮ್ಮಪ್ಪ ಬೈಂಡಿಂಗ್ ಕೆಲಸದವನು. ಜಯನಗರದ ಒಂದು ಸಣ್ಣ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಪುಸ್ತಕ ಹೊಲಿದು, ಅಂಟು ಬಳಿದು, ರಟ್ಟು ಕೂರಿಸಿದವನು. ಆ ಪ್ರೆಸ್ಸಿನಲ್ಲಿ ಅಚ್ಚಾಗುತ್ತಿದ್ದದ್ದು ಮದುವೆ ಕಾಗದ, ಬಿಲ್ ಬುಕ್ಕು, ಶಾಲೆಗಳ ಪರೀಕ್ಷೆ ಪೇಪರು, ಮತ್ತೆ ಬ್ಯಾಂಕು, ರೈಲ್ವೆ ಪರೀಕ್ಷೆ ಬರೆಯುವವರು ಕೊಳ್ಳುವ ಸಾಮಾನ್ಯ ಜ್ಞಾನದ ಗೈಡುಗಳು. ಮಸಿ ಚೆಲ್ಲಿದ, ಅಡ್ಡಡ್ಡ ಅಚ್ಚಾದ ಹಾಳೆಗಳನ್ನು ಅಪ್ಪ ಸುರುಳಿ ಸುತ್ತಿ ತಿಲಕ್ ನಗರದ ನಮ್ಮ ಎರಡು ರೂಮಿನ ಮನೆಗೆ ತರುತ್ತಿದ್ದ. ಅಮ್ಮ ಅವನ್ನು ಅಡುಗೆಮನೆಯ ಶೆಲ್ಫಿಗೆ ಹಾಸುತ್ತಿದ್ದಳು. ಹಾಸುವ ಮೊದಲು ನಾನು ಓದಿ ಮುಗಿಸಬೇಕಿತ್ತು.

ಮಡಿಸದ ದೊಡ್ಡ ಹಾಳೆಯಲ್ಲಿ ಪುಟಗಳು ಸಾಲಾಗಿರುವುದಿಲ್ಲ. ಮೂರನೇ ಪುಟದ ಪಕ್ಕ ಹದಿನಾಲ್ಕನೇ ಪುಟ, ಅರ್ಧದಷ್ಟು ತಲೆಕೆಳಗು. ಉತ್ತರಗಳೆಲ್ಲ ಗೈಡಿನ ಕೊನೆಯ ಹಾಳೆಯಲ್ಲಿ. ಆ ಕೊನೆಯ ಹಾಳೆ ಸರಿಯಾಗಿ ಅಚ್ಚಾಗಿದ್ದರೆ ಅದು ಪುಸ್ತಕಕ್ಕೆ ಸೇರುತ್ತಿತ್ತು, ನಮ್ಮ ಮನೆಗೆ ಬರುತ್ತಿರಲಿಲ್ಲ; ಹಾಳಾಗಿ ಬಂದರೆ ಆ ಸಣ್ಣ ಅಕ್ಷರ ಓದಲಾಗುತ್ತಿರಲಿಲ್ಲ. ಹಾಗಾಗಿ ನನ್ನ ಹತ್ತಿರ ಪ್ರಶ್ನೆಗಳು ರಾಶಿ ಇದ್ದವು, ಉತ್ತರ ಇರಲಿಲ್ಲ. ಜಯನಗರ ನಾಲ್ಕನೇ ಬ್ಲಾಕಿನ ಲೈಬ್ರರಿಗೆ ಹೋಗಿ ಒಂದೊಂದನ್ನೇ ಹುಡುಕುತ್ತಿದ್ದೆ. ಅಲ್ಲಿನ ಲೈಬ್ರೇರಿಯನ್ ನನ್ನನ್ನು ಕಂಡರೆ, 'ಇವತ್ತು ಏನಮ್ಮ, ರಾಜರೋ ನದಿಗಳೋ' ಎಂದು ಕೇಳುತ್ತಿದ್ದರು. ಯಾವ ಪರೀಕ್ಷೆಗೂ ಕಟ್ಟದೆ, ಯಾರೂ ಕೇಳದೆ, ಹತ್ತು ವರ್ಷ ಹಾಗೆ ಓದಿದೆ. ನನಗೆ ಬಂದ ವಿದ್ಯೆ ಅಂದರೆ ಅದೊಂದೇ.

ಬಿ.ಕಾಂ. ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕೂತ ಮೇಲೆ, ತೊಂಬತ್ತಾರರ ಕೊನೆಗೆ, ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ನನಗೆ ಕೆಲಸ ಸಿಕ್ಕಿತು. ಸೆಂಟರ್ ನಡೆಸುತ್ತಿದ್ದ ಸಾರ್‌ಗೆ ಐವತ್ತರ ಹತ್ತಿರದ ವಯಸ್ಸು. ಮಹಡಿಯಲ್ಲಿ ಟ್ಯೂಷನ್, ಕೆಳಗೆ ಅವರ ಮನೆ. ಟ್ಯೂಷನ್ನಿಗಿಂತ ಅವರಿಗೆ ಹೆಸರು ತಂದದ್ದು ಕ್ವಿಜ್. ಜಯನಗರ, ಜೆ.ಪಿ. ನಗರ, ಬನಶಂಕರಿಯ ಶಾಲೆಗಳಲ್ಲಿ ವಾರ್ಷಿಕೋತ್ಸವ ಬಂತೆಂದರೆ ಕ್ವಿಜ್ ಮಾಡಲು ಅವರನ್ನೇ ಕರೆಯುತ್ತಿದ್ದರು. ಕಂದು ಬಣ್ಣದ ಕೋಟು ಹಾಕಿಕೊಂಡು, ಮೈಕು ಹಿಡಿದು, ಇಂಗ್ಲಿಷಿನಲ್ಲಿ ಒಂದು ಜೋಕು ಹೇಳಿ ಶುರು ಮಾಡಿದರೆ ಹಾಲ್ ಪೂರ್ತಿ ಅವರ ಕೈಯಲ್ಲಿ. ನಿಜವಾಗಿಯೂ ಚೆನ್ನಾಗಿ ಮಾಡುತ್ತಿದ್ದರು. ಅದನ್ನು ಇಲ್ಲ ಎನ್ನಲಾರೆ.

ನನ್ನನ್ನು ತೆಗೆದುಕೊಂಡದ್ದು ಐದನೇ, ಆರನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಕ್ಕೆ. ಎರಡನೇ ವಾರ ಅವರು ಯಾವುದೋ ಪ್ರಶ್ನೆಪಟ್ಟಿ ತಯಾರು ಮಾಡುತ್ತ ಕೂತಿದ್ದಾಗ, ಅದರಲ್ಲಿ ಒಂದು ತಪ್ಪು ಕಂಡು ಹೇಳಿದೆ. ಕಥಕಳಿಯಲ್ಲಿ ಹಸಿರು ಮುಖ ಖಳನಿಗೆ ಎಂದು ಬರೆದಿದ್ದರು.

'ಸಾರ್, ಅದು ನಾಯಕನಿಗೆ. ಸಜ್ಜನರ ಪಾತ್ರಕ್ಕೇ ಹಸಿರು ಹಚ್ಚೋದು.'

'ನಿಂಗೆ ಹೇಗೆ ಗೊತ್ತು?'

'ಓದಿದೀನಿ ಸಾರ್.'

ಅವರು ಇನ್ನೂ ಹತ್ತು ಪ್ರಶ್ನೆ ಕೇಳಿದರು. ಒಂಬತ್ತಕ್ಕೆ ಉತ್ತರ ಹೇಳಿದೆ. ಮಾರನೇ ದಿನದಿಂದ ಕ್ವಿಜ್ ಪ್ರಶ್ನೆ ಬರೆಯುವುದೂ ನನ್ನ ಕೆಲಸವಾಯಿತು.

ಆ ಕೆಲಸವನ್ನು ನಾನು ಎಷ್ಟು ಇಷ್ಟಪಟ್ಟೆ ಎನ್ನುವುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ಪ್ರೆಸ್ಸಿನಲ್ಲಿ ಉಳಿದ ತೆಳು ರಟ್ಟನ್ನು ಕಟಿಂಗ್ ಮಿಷಿನ್ನಿಗೆ ಕೊಟ್ಟು, ಒಂದೇ ಅಳತೆಯ ಕಾರ್ಡು ಕತ್ತರಿಸಿ ತಂದುಕೊಡುತ್ತಿದ್ದ. ಇತಿಹಾಸಕ್ಕೆ ಕೆಂಪು ಮೂಲೆ, ನಾಟಕಕ್ಕೆ ಹಸಿರು, ವ್ಯಾಪಾರಕ್ಕೆ ನೀಲಿ, ನೃತ್ಯಕ್ಕೆ ಹಳದಿ. ಮುಂದೆ ಪ್ರಶ್ನೆ, ಹಿಂದೆ ಉತ್ತರ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಜಾಗಕ್ಕೆ ಏನಂತಾರೆ, ಚೌಕಿ. ಷೇರುಪೇಟೆಯಲ್ಲಿ ಬೆಲೆ ಏರುತ್ತದೆಂದು ನಂಬಿದವರಿಗೆ ಯಾವ ಪ್ರಾಣಿಯ ಹೆಸರು, ಗೂಳಿ. ಭರತನಾಟ್ಯದ ಪ್ರಶ್ನೆಗಳಿಗೆ ನಮ್ಮ ಹಿಂದಿನ ಬೀದಿಯ ಡ್ಯಾನ್ಸ್ ಮೇಡಂ ಮನೆಯ ಮೆಟ್ಟಿಲ ಮೇಲೆ ಅರ್ಧ ದಿನ ಕಾದು ಕೂತಿದ್ದೆ. ನಾನು ಬರೆದದ್ದನ್ನು ನಾಲ್ಕುನೂರು ಜನರ ಮುಂದೆ ಮೈಕಿನಲ್ಲಿ ಓದಿದಾಗ, ಹಾಲಿನ ಪಕ್ಕದ ಬಾಗಿಲ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಆಗ ಅದು ಬೇಕು ಅನ್ನಿಸಿರಲೂ ಇಲ್ಲ.

ಮೊದಲ ಸಲ ನೋವಾದದ್ದು ರೈಮ್ಸ್ ವಿಷಯಕ್ಕೆ. ಪ್ರೈಮರಿ ಮಕ್ಕಳ ಕ್ವಿಜ್‌ಗೆ ಇಂಗ್ಲಿಷ್ ನರ್ಸರಿ ರೈಮ್ಸ್ ಮೇಲೆ ಹತ್ತು ಪ್ರಶ್ನೆ ಬೇಕು ಅಂದರು ಸಾರ್. ನಾನು ತಿಲಕ್ ನಗರದ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು. ಇಂಗ್ಲಿಷ್ ಅಕ್ಷರ ಕಲಿತದ್ದೇ ಐದನೇ ಕ್ಲಾಸಿನಲ್ಲಿ.

'ಯಾವ ರೈಮ್ಸ್ ಸಾರ್?' ಎಂದು ಕೇಳಿದೆ.

'ಯಾವ ಅಂದ್ರೆ? ರೈಮ್ಸ್ ಗೊತ್ತಿಲ್ವೇನಮ್ಮ ನಿಂಗೆ?'

ಗೊತ್ತಿಲ್ಲ ಅಂದೆ. ಅವರು ನಂಬಲಿಲ್ಲ. ಕೆಳಗಿನಿಂದ ಹೆಂಡತಿಯನ್ನು ಕರೆದು, 'ನೋಡಿಲ್ಲಿ, ಮೊಘಲರ ವಂಶಾವಳಿ ಹೇಳ್ತಾಳೆ, ರೈಮ್ಸ್ ಬರಲ್ವಂತೆ' ಅಂದರು. ಪಾಠಕ್ಕೆ ಬಂದಿದ್ದ ಮಕ್ಕಳೆಲ್ಲ ತಲೆ ಎತ್ತಿ ನೋಡಿದರು. ಅಣ್ಣನ ಜೊತೆ ಬಂದು ಕೂತಿದ್ದ ಯು.ಕೆ.ಜಿ.ಯ ಒಂದು ಮಗುವನ್ನು ಕುರ್ಚಿಯ ಮೇಲೆ ನಿಲ್ಲಿಸಿ, ಕೈ ಬಾಯಿ ತಿರುಗಿಸಿ ಹಾಡಿಸಿದರು. ಆಮೇಲೆ ನನಗೆ, 'ಈಗ ನೀನು ಹೇಳು' ಅಂದರು. ತಮಾಷೆಗೇ ಹೇಳಿದ್ದು. ಹೇಳಿದೆ. ಇಪ್ಪತ್ತೆರಡು ವರ್ಷದವಳು, ಸೀರೆ ಉಟ್ಟುಕೊಂಡು, ಆ ಮಗುವಿನ ಹಾಗೆ ಕೈ ತಿರುಗಿಸಿ ಹೇಳಿದೆ. ಎಲ್ಲರೂ ನಕ್ಕರು. ನಾನೂ ನಕ್ಕೆ ಎನ್ನುವುದು ಇವತ್ತಿಗೂ ಮೈ ಉರಿಸುತ್ತದೆ.

ಆ ಸಂಜೆಯೇ ಜಯನಗರದ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರ ಫುಟ್‌ಪಾತಿನಲ್ಲಿ ಚಿತ್ರವಿದ್ದ ಒಂದು ರೈಮ್ಸ್ ಪುಸ್ತಕ ಕೊಂಡೆ. ನಲವತ್ತು ಪದ್ಯ. ಕುರಿ, ಬಾತುಕೋಳಿ, ಸೇತುವೆ, ಮಳೆ, ರಾಣಿ. ಬಸ್ಸಿನಲ್ಲಿ ಪುಸ್ತಕದ ಹೊದಿಕೆ ಯಾರಿಗೂ ಕಾಣದ ಹಾಗೆ ಹಿಡಿದು ಬಾಯಿಪಾಠ ಮಾಡಿದೆ. ವಾರದಲ್ಲಿ ನಲವತ್ತೂ ಬಂದವು.

ತೊಂಬತ್ತೆಂಟರಲ್ಲಿ ಸಾರ್ ದೊಡ್ಡದೊಂದು ಅಂತರಶಾಲಾ ಕ್ವಿಜ್ ಇಟ್ಟುಕೊಂಡರು. ಏಳನೇ ಕ್ಲಾಸಿನ ಮಕ್ಕಳಿಗೆ, ಆರು ಶಾಲೆ. ಜೆ.ಪಿ. ನಗರದ ಒಂದು ದೊಡ್ಡ ಇಂಗ್ಲಿಷ್ ಶಾಲೆ ತನ್ನ ಆಡಿಟೋರಿಯಂ ಕೊಟ್ಟಿತ್ತು, ಆ ಶಾಲೆಯ ತಂಡವೂ ಆಡುತ್ತಿತ್ತು. ನಾನು ಧೈರ್ಯ ಮಾಡಿ ಒಂದು ಮಾತು ಕೇಳಿದೆ.

'ಸಾರ್, ಒಂದು ಕನ್ನಡ ಶಾಲೆನೂ ಸೇರಿಸೋಣ. ನಾನು ಓದಿದ ಶಾಲೇಲಿ ಚುರುಕಾದ ಮಕ್ಕಳಿದಾರೆ.'

ಅವರು ಸ್ವಲ್ಪ ಯೋಚಿಸಿ, 'ಆಗ್ಲಿ. ಪ್ರಶ್ನೆ ಎರಡೂ ಭಾಷೇಲಿ ಓದ್ತೀನಿ. ಪೇಪರ್‌ನಲ್ಲಿ ಬಂದ್ರೂ ಚೆನ್ನಾಗಿರತ್ತೆ' ಅಂದರು.

'ಮತ್ತೆ ರೈಮ್ಸ್ ರೌಂಡು?'

'ಅದು ಇರ್ಲಿ. ದೊಡ್ಡ ಮಕ್ಕಳು ಚಿಕ್ಕೋರ ಹಾಡಿಗೆ ತಡವರಿಸೋದು ನೋಡೋಕೆ ಜನಕ್ಕೆ ಮಜಾ.'

'ಕನ್ನಡ ಶಾಲೆ ಮಕ್ಕಳಿಗೆ ಅದು ಬರಲ್ಲ ಸಾರ್.'

'ಒಂದು ರೌಂಡ್ ಹೋದ್ರೆ ಏನಾಯ್ತು ಬಿಡು.'

ನನ್ನ ಶಾಲೆಯಿಂದ ಇಬ್ಬರು ಹುಡುಗಿಯರನ್ನು ಆರಿಸಿದರು. ಒಬ್ಬಳು ನಮ್ಮ ಬೀದಿಯ ಕೊನೆಯಲ್ಲಿದ್ದ ಟೈಲರ್ ಮಗಳು, ಎತ್ತರದವಳು. ಇನ್ನೊಬ್ಬಳು ಬಿಜಾಪುರ ಜಿಲ್ಲೆಯ ಕಡೆಯವಳು. ಅವಳ ಅಪ್ಪ ಬಿ.ಟಿ.ಎಂ. ಬಡಾವಣೆಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನ ವಾಚ್‌ಮನ್, ಅದೇ ಬಿಲ್ಡಿಂಗಿನ ಶೆಡ್ಡಿನಲ್ಲಿ ಅವರ ವಾಸ. ಇಬ್ಬರಿಗೂ ಓದಿದ್ದು ಕಲ್ಲಿನಲ್ಲಿ ಕೆತ್ತಿದ ಹಾಗೆ ನಿಲ್ಲುತ್ತಿತ್ತು.

ಈಗ ನಾನು ಮಾಡಿದ್ದನ್ನು ಹೇಳಬೇಕು. ಕ್ವಿಜ್‌ಗೆ ಹತ್ತು ದಿನ ಇರುವಾಗ ನನ್ನ ರೈಮ್ಸ್ ಪುಸ್ತಕ ತೆಗೆದುಕೊಂಡು ಶಾಲೆಗೆ ಹೋದೆ. ಊಟದ ಬೆಲ್ ಆದ ಮೇಲೆ ಹಿಂದಿನ ಬೇವಿನ ಮರದ ಕೆಳಗೆ ಇಬ್ಬರನ್ನೂ ಕೂರಿಸಿ ಹೇಳಿಕೊಟ್ಟೆ. ನಾಲ್ಕು ಮಧ್ಯಾಹ್ನ, ನಲವತ್ತು ಪದ್ಯ. ಅರ್ಥವನ್ನೂ ಹೇಳಿದೆ. ಯಾರೂ ನಗಲಿಲ್ಲ. ಬಿಜಾಪುರದ ಹುಡುಗಿ, 'ಅಕ್ಕಾರ, ಇದರಾಗ ಏನೂ ಅರ್ಥ ಇಲ್ರಲ್ಲ' ಎಂದು ಗಂಭೀರವಾಗಿ ಕೇಳಿದಳು. ಇಲ್ಲ ಅಂದೆ.

ರೈಮ್ಸ್ ರೌಂಡಿನ ಪ್ರಶ್ನೆಗಳನ್ನು ನಾನು ಅದೇ ಪುಸ್ತಕದಿಂದ ಬರೆದಿದ್ದೆ, ಹತ್ತು ಪದ್ಯಗಳಿಂದ. ಪ್ರಶ್ನೆ ಏನೆಂದು ಆ ಮಕ್ಕಳಿಗೆ ಹೇಳಲಿಲ್ಲ. ಆದರೆ ಕೊನೆಯ ದಿನ ಆ ಹತ್ತು ಪದ್ಯಗಳನ್ನು ಇನ್ನೊಂದು ಸಲ ಹೇಳಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಎಷ್ಟೋ ವರ್ಷ ನಾನು ಇದನ್ನು ನನಗೆ ನಾನೇ ಬೇರೆ ಥರ ಹೇಳಿಕೊಂಡಿದ್ದೇನೆ: ಸಮಯವಿತ್ತು, ಕಷ್ಟದ ಪದ್ಯಗಳು ಅವು, ಹಾಗಾಗಿ ಹೇಳಿಸಿದೆ ಎಂದು. ಅವು ಕಷ್ಟದವಾಗಿರಲಿಲ್ಲ.

ಉಳಿದ ರೌಂಡುಗಳ ಬಗ್ಗೆ ಒಂದಕ್ಷರ ಹೇಳಲಿಲ್ಲ. ಅದನ್ನು ಮಾತ್ರ ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ.

ಕ್ವಿಜ್‌ಗೆ ಎರಡು ದಿನ ಮುಂಚೆ ನನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಕಾಲಿಟ್ಟು ಕುಣಿಯುವುದು ಯಾವ ನೃತ್ಯದಲ್ಲಿ ಎಂಬ ಪ್ರಶ್ನೆಗೆ ಒಡಿಸ್ಸಿ ಎಂದು ಬರೆದಿದ್ದೆ. ಮಸಿ ಹರಡಿದ ಯಾವುದೋ ಹಾಳೆಯಲ್ಲಿ ಹಿಂದೆಂದೋ ತಪ್ಪಾಗಿ ಓದಿಕೊಂಡದ್ದು ತಲೆಯಲ್ಲಿ ಹಾಗೇ ಉಳಿದಿತ್ತು. ಲೈಬ್ರರಿಯಲ್ಲಿ ನೋಡಿದರೆ ಕೂಚಿಪುಡಿ. ಹಳೇ ಕಾರ್ಡು ಹರಿದು ಹಾಕಿ, ಹೊಸದು ಬರೆದು, ಸಾರ್ ಮನೆಗೆ ಹೋಗಿ ಕಟ್ಟಿನೊಳಗೆ ಸೇರಿಸಿ ಬಂದೆ. ಕಾರ್ಡುಗಳಲ್ಲದೆ ಎಲ್ಲ ಪ್ರಶ್ನೆ ಉತ್ತರಗಳ ಒಂದು ನೋಟ್‌ಬುಕ್ಕೂ ಇತ್ತು. ಎರಡು ವಾರದ ಹಿಂದೆಯೇ ಸಾರ್ ಅದನ್ನು ತೆಗೆದುಕೊಂಡು ಒಳಗಿಟ್ಟಿದ್ದರು. ಅದರಲ್ಲಿ ತಿದ್ದಬೇಕು ಎಂದು ನನಗೆ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅಪ್ಪ, 'ನಾನೂ ಬರ್ತೀನಿ ಕಣೆ, ಎಷ್ಟು ದಿನದಿಂದ ಕಾರ್ಡ್ ಕತ್ತರಿಸಿದೀನಿ' ಅಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡ. ಕೈಬೆರಳ ಸಂದಿಯಲ್ಲಿ ಒಣಗಿದ ಮೈದಾ ಅಂಟು ಉಜ್ಜಿ ಉಜ್ಜಿ ತೆಗೆದ. ಆಡಿಟೋರಿಯಂನಲ್ಲಿ ಕೊನೆಯ ಸಾಲಿನಲ್ಲಿ ಕೂತ. ಮುಂದೆ ಬಾ ಅಂದರೆ ಬರಲಿಲ್ಲ.

ಮೊದಲ ರೌಂಡು ಇತಿಹಾಸ. ತಾಳಿಕೋಟೆ ಕದನ ಎನ್ನುತ್ತೇವಲ್ಲ, ಅದು ನಡೆದದ್ದು ಯಾವ ಎರಡು ಹಳ್ಳಿಗಳ ಮಧ್ಯೆ ಎಂದು ಸಾರ್ ಕೇಳಿದರು. ನಾನು ಬರೆದದ್ದರಲ್ಲೇ ಕಷ್ಟದ ಪ್ರಶ್ನೆ ಅದು, ಯಾರೂ ಹೇಳುವುದಿಲ್ಲ ಅಂದುಕೊಂಡಿದ್ದೆ. ಬಿಜಾಪುರದ ಹುಡುಗಿ ಎದ್ದು ನಿಂತು, 'ರಕ್ಕಸಗಿ, ತಂಗಡಗಿ ರೀ. ನಮ್ಮ ಅಜ್ಜಿ ಊರು ತಂಗಡಗಿ ಬಾಜೂಕೇ ಐತ್ರಿ' ಅಂದಳು. ಜನ ನಕ್ಕು ಚಪ್ಪಾಳೆ ತಟ್ಟಿದರು. ಹಿಂತಿರುಗಿ ಅಪ್ಪನನ್ನು ನೋಡಿದೆ. ಅವನೂ ತಟ್ಟುತ್ತಿದ್ದ.

ನಾಟಕದ ರೌಂಡು, ವ್ಯಾಪಾರದ ರೌಂಡು ಮುಗಿಯುವ ಹೊತ್ತಿಗೆ ಹಾಲ್ ಕೊಟ್ಟ ಶಾಲೆಯ ಹುಡುಗರು ಮುಂದಿದ್ದರು. ಪ್ರಶ್ನೆ ಪೂರ್ತಿ ಓದುವ ಮೊದಲೇ ಬಜರ್ ಒತ್ತುತ್ತಿದ್ದರು. ಚುರುಕು ಮಕ್ಕಳು ಅಂದುಕೊಂಡೆ. ನೃತ್ಯದ ರೌಂಡಿನಲ್ಲಿ ಸಾರ್, 'ಹಿತ್ತಾಳೆ ತಟ್ಟೆ' ಎಂದಷ್ಟೇ ಹೇಳಿದ್ದರು. ಆ ತಂಡದ ಒಬ್ಬ ಬಜರ್ ಒತ್ತಿ, 'ಒಡಿಸ್ಸಿ' ಅಂದ.

ಸಾರ್ ಕಾರ್ಡು ತಿರುಗಿಸಿ ನೋಡಿದರು. ಇನ್ನೊಂದು ಸಲ ನೋಡಿದರು. ಆಮೇಲೆ ತಲೆ ಎತ್ತಿ, ಪಕ್ಕದ ಬಾಗಿಲ ಹತ್ತಿರ ನಿಂತಿದ್ದ ನನ್ನ ಕಡೆ ನೋಡಿದರು. ಒಡಿಸ್ಸಿ ಎಂಬ ತಪ್ಪು ಇದ್ದದ್ದು ಎರಡೇ ಕಡೆ. ಒಂದನ್ನು ನಾನು ಹರಿದು ಹಾಕಿದ್ದೆ. ಇನ್ನೊಂದು ಅವರ ಮನೆಯ ನೋಟ್‌ಬುಕ್ಕಿನಲ್ಲಿತ್ತು.

'ಸಾರಿ, ತಪ್ಪು ಉತ್ತರ' ಅಂದು ಮುಂದೆ ಹೋದರು.

ರೈಮ್ಸ್ ರೌಂಡು ಬಂತು. ಉಳಿದ ತಂಡಗಳನ್ನು ಹೊರಗೆ ಕಳಿಸಿ, ಒಂದೊಂದು ತಂಡಕ್ಕೂ ಅದೇ ಹತ್ತು ಪ್ರಶ್ನೆ. ಬೇರೆ ಯಾವ ತಂಡವೂ ಹತ್ತರಲ್ಲಿ ಐದು ದಾಟಲಿಲ್ಲ. ದೊಡ್ಡ ಮಕ್ಕಳಿಗೆ ಅದೆಲ್ಲ ಮರೆತುಹೋಗಿತ್ತು. ನನ್ನ ಹುಡುಗಿಯರು ಮಾತ್ರ ಹತ್ತಕ್ಕೆ ಹತ್ತು ಹೇಳಿದರು. ಮೊದಮೊದಲು ಜನ ಅವರ ಉಚ್ಚಾರಣೆಗೆ ನಗುತ್ತಿದ್ದರು. ಆರನೆಯದರ ಹೊತ್ತಿಗೆ ನಗು ನಿಂತಿತು. ಹತ್ತನೆಯದಕ್ಕೆ ಚಪ್ಪಾಳೆ ಬರಲಿಲ್ಲ. ಈಗ ಅವರು ಎಲ್ಲರಿಗಿಂತ ಮುಂದಿದ್ದರು.

ಹಾಲ್ ಕೊಟ್ಟ ಶಾಲೆಯ ಒಬ್ಬ ಟೀಚರ್ ಮುಂದಿನ ಸಾಲಿನಿಂದ ಎದ್ದರು. ಸಿಟ್ಟೇನೂ ಇಲ್ಲದ ದನಿಯಲ್ಲಿ ಕೇಳಿದರು. 'ಸಾರ್, ಒಂದು ಡೌಟು. ಕನ್ನಡ ಮೀಡಿಯಂ ಗವರ್ನಮೆಂಟ್ ಶಾಲೆ ಮಕ್ಕಳಿಗೆ ಎಲ್ಲಾ ರೈಮ್ಸೂ ಹೇಗೆ ಬರತ್ತೆ?' ಆಮೇಲೆ ವೇದಿಕೆಯ ಕಡೆ ತಿರುಗಿ, 'ನಿಮ್ಮ ಸ್ಕೂಲಲ್ಲಿ ಹೇಳಿಕೊಡ್ತಾರೇನಮ್ಮ?'

ಟೈಲರ್ ಮಗಳು ಎದ್ದು ನಿಂತಳು. 'ಇಲ್ಲ ಮಿಸ್. ಆ ಅಕ್ಕ ಹೇಳಿಕೊಟ್ರು' ಅಂದು ನನ್ನತ್ತ ಕೈ ತೋರಿಸಿದಳು. ಅವಳ ಮುಖದಲ್ಲಿ ಹೆಮ್ಮೆ ಇತ್ತು. ನನ್ನ ಹೆಸರನ್ನೂ ಹೇಳಿದಳು. ಆ ಮೈಕಿನಲ್ಲಿ ನನ್ನ ಹೆಸರು ಬಂದದ್ದು ಅದೊಂದೇ ಸಲ.

ಸಾರ್ ಎರಡು ನಿಮಿಷ ಆ ಶಾಲೆಯವರ ಜೊತೆ ಮೆಲ್ಲಗೆ ಮಾತಾಡಿದರು. ವಾಪಸ್ ಬಂದು ಮೈಕು ತೆಗೆದುಕೊಂಡರು. 'ನಮ್ಮ ಆಫೀಸಿನ ಒಬ್ಬ ಹುಡುಗಿಯಿಂದ ಪ್ರಶ್ನೆಗಳು ಹೊರಗೆ ಹೋಗಿವೆ. ಇದು ನನಗೂ ಆಘಾತ. ಮಕ್ಕಳ ತಪ್ಪಿಲ್ಲ, ಆದ್ರೂ ಈ ತಂಡವನ್ನು ಕೈಬಿಡಬೇಕಾಗಿದೆ' ಅಂದರು. ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ನಾಲ್ಕುನೂರು ಮುಖ ನನ್ನ ಕಡೆ ತಿರುಗಿದವು.

ಆ ಗಳಿಗೆಯಲ್ಲಿ ನಾನು ಮಾತಾಡಬಹುದಿತ್ತು. ಒಡಿಸ್ಸಿ ಎಂದು ಆ ಹುಡುಗನಿಗೆ ಹೇಗೆ ಗೊತ್ತಾಯಿತು ಎಂದು ಅಲ್ಲೇ ಕೇಳಬಹುದಿತ್ತು. ತಂಗಡಗಿಯನ್ನು ನಾನು ಹೇಳಿಕೊಟ್ಟದ್ದಲ್ಲ, ಅದು ಅವಳ ಅಜ್ಜಿಯ ಊರಿನ ಪಕ್ಕದ್ದು ಎನ್ನಬಹುದಿತ್ತು. ಎರಡನೇ ಸಲ ಹೇಳಿಸಿದ ಆ ಹತ್ತು ಪದ್ಯಗಳು ಬಾಯಿ ಕಟ್ಟಿದವು. ಹುಡುಗಿಯರಿಬ್ಬರೂ ವೇದಿಕೆಯ ಮೆಟ್ಟಿಲು ಇಳಿದರು. ಬಿಜಾಪುರದವಳು ಅಳುತ್ತಿದ್ದಳು. ಟೈಲರ್ ಮಗಳು ಅಳದೆ ನನ್ನನ್ನೇ ನೋಡುತ್ತ ಬಂದಳು. ಅವರ ಮೇಷ್ಟ್ರು ಇಬ್ಬರ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಹೋದರು.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದೆ ಸಾರ್‌ನ ಹಿಡಿದೆ.

'ಸಾರ್, ಒಡಿಸ್ಸಿ ಅಂತ ಅವರಿಗೆ ಹೇಗೆ ಗೊತ್ತಾಯ್ತು?'

'ಯಾವ ಒಡಿಸ್ಸಿ?'

'ತಟ್ಟೆ ಪ್ರಶ್ನೆ. ಅದು ನೋಟ್‌ಬುಕ್ಕಲ್ಲಿ ಮಾತ್ರ ಇದ್ದ ತಪ್ಪು. ನೋಟ್‌ಬುಕ್ ನಿಮ್ಮ ಹತ್ರ ಇತ್ತು.'

ಅವರು ಕೋಟು ಬಿಚ್ಚಿ ಕೈಮೇಲೆ ಹಾಕಿಕೊಂಡರು. 'ಹುಡುಗ ಊಹೆ ಮೇಲೆ ಹೇಳಿದ. ತಪ್ಪಾಯ್ತು. ಕಾರ್ಡಲ್ಲಿ ಕೂಚಿಪುಡಿ ಅಂತಲೇ ಇದೆ, ನೋಡು ಬೇಕಾದ್ರೆ. ಈಗ ನೀನು ಹೇಳು. ನಾನು ಕೇಳಿದ ಹತ್ತೂ ರೈಮ್ಸು ನೀನು ಆ ಮಕ್ಕಳಿಗೆ ಹೇಳಿಸಿದ್ಯೋ ಇಲ್ವೋ?'

ನಾನು ಅವರ ಕೈಲಿದ್ದ ಕಾರ್ಡಿನ ಕಟ್ಟು ನೋಡಿದೆ.

'ನಾಳೆಯಿಂದ ಬರಬೇಡಮ್ಮ' ಅಂದರು. ಬಯ್ಯಲಿಲ್ಲ. ಅದೇ ವರ್ಷ ಜೂನ್‌ನಿಂದ ಆ ದೊಡ್ಡ ಶಾಲೆಯಲ್ಲಿ ಅವರಿಗೆ ಒಳ್ಳೆಯ ಹುದ್ದೆ ಸಿಕ್ಕಿತು ಎಂದು ಆಮೇಲೆ ಗೊತ್ತಾಯಿತು.

ಅಪ್ಪ ಗೇಟಿನ ಹತ್ತಿರ ಕಾಯುತ್ತಿದ್ದ. ಬಸ್ ಬೇಡ, ನಡೆಯೋಣ ಅಂದ. ಜಯನಗರ ಒಂಬತ್ತನೇ ಬ್ಲಾಕ್ ದಾಟಿದೆವು. ಮಧ್ಯಾಹ್ನದ ಬಿಸಿಲು. ಒಂದು ಹೊಂಗೆ ಮರದ ನೆರಳಿನಲ್ಲಿ ಅಪ್ಪ ನಿಂತ.

'ಕೊಟ್ಯಾ?' ಅಂದ.

'ಏನು?'

'ಪ್ರಶ್ನೆ. ಆ ಮಕ್ಕಳಿಗೆ ಕೊಟ್ಯಾ?'

'ಇಲ್ಲ' ಅಂದೆ.

ಅಪ್ಪ ನನ್ನ ಮುಖ ನೋಡಿದ. ಆ 'ಇಲ್ಲ' ಹೇಳುವುದಕ್ಕೆ ನಾನು ತೆಗೆದುಕೊಂಡ ಹೊತ್ತನ್ನು ಅವನು ಲೆಕ್ಕ ಹಾಕಿದ ಹಾಗಿತ್ತು. 'ನಮ್ಮ ಪ್ರೆಸ್ಸಲ್ಲಿ ಎಷ್ಟು ಪರೀಕ್ಷೆ ಪೇಪರ್ ಅಚ್ಚಾಗಿದೆ ಗೊತ್ತಾ?' ಅಂದ. 'ಒಂದು ದಿನ, ಒಂದು ಹಾಳೆ, ನಾನು ಹೊರಗೆ ತಂದಿಲ್ಲ. ನಿನ್ನ ಶಾಲೆ ಪೇಪರ್ ಅಚ್ಚಾದಾಗಲೂ ತಂದಿಲ್ಲ.' ಮುಂದೆ ನಡೆದ. ಅಮ್ಮ ಬಾಗಿಲಲ್ಲಿ, ಹೇಗಾಯ್ತು ಎಂದು ಕೇಳಿದಾಗ, 'ಆಯ್ತು' ಅಂದವನು ಶರ್ಟು ಬಿಚ್ಚಿ ಮೊಳೆಗೆ ಹಾಕಿ ಮಲಗಿಬಿಟ್ಟ.

ಕೆಲಸ ಹೋದದ್ದಕ್ಕೆ ನನಗೆ ಅಷ್ಟು ಸಂಕಟವಾಗಲಿಲ್ಲ. ಸಾರ್ ಮಾಡಿದ್ದಕ್ಕೂ ಬರೀ ಸಿಟ್ಟಿತ್ತು, ಸಿಟ್ಟು ಹೊತ್ತುಕೊಂಡು ಬದುಕಬಹುದು. ಅಪ್ಪ ಕೇಳಿದನಲ್ಲ, ಸಂಕಟವಾದದ್ದು ಅದಕ್ಕೆ. ಆ ದಿನದ ನಂತರ ಹಾಳಾದ ಹಾಳೆಗಳನ್ನು ಮನೆಗೆ ತರುವುದನ್ನು ಅವನು ನಿಲ್ಲಿಸಿದ. ಶೆಲ್ಫಿಗೆ ಹಾಸಲು ಅಮ್ಮ ಹಳೇ ಪೇಪರ್ ಕೊಳ್ಳತೊಡಗಿದಳು.

ಎರಡು ವಾರ ಬಿಟ್ಟು ಶಾಲೆಗೆ ಹೋದೆ, ಆ ಹುಡುಗಿಯರನ್ನು ನೋಡಲು. ಹೆಡ್‌ಮೇಷ್ಟ್ರು ಗೇಟಿನಲ್ಲೇ ತಡೆದರು. 'ನೀವು ಒಳ್ಳೇದಕ್ಕೇ ಮಾಡಿರಬಹುದು. ಆದ್ರೆ ಇನ್ಮೇಲೆ ಯಾರೂ ನಮ್ಮನ್ನ ಯಾವ ಸ್ಪರ್ಧೆಗೂ ಕರೆಯಲ್ಲ' ಅಂದರು. ಬಿಜಾಪುರದ ಹುಡುಗಿ ಶಾಲೆಗೆ ಬರುತ್ತಿಲ್ಲ ಎಂದೂ ಹೇಳಿದರು. ಬಿಲ್ಡಿಂಗ್ ಮುಗಿದು ಆ ಸಂಸಾರ ಬೇರೆ ಕಡೆ ಹೋಗಿತ್ತೋ, ಅವಳೇ ಬರುವುದಿಲ್ಲ ಅಂದಳೋ, ಅವರಿಗೂ ಗೊತ್ತಿರಲಿಲ್ಲ. ಬಿ.ಟಿ.ಎಂ.ಗೆ ಹೋಗಿ ಹುಡುಕಿದೆ. ಶೆಡ್ ಇದ್ದ ಜಾಗದಲ್ಲಿ ಕಾರು ನಿಂತಿತ್ತು.

ಆಮೇಲೆ ಮೂರು ವರ್ಷ ಒಂದು ಆಫೀಸಿನಲ್ಲಿ ಟೈಪಿಂಗ್ ಮಾಡಿದೆ. ಬಿ.ಎಡ್. ಕಟ್ಟಿ ಮುಗಿಸಿ, ಕೋಣನಕುಂಟೆಯ ಒಂದು ಶಾಲೆಗೆ ಸಮಾಜ ವಿಜ್ಞಾನದ ಟೀಚರ್ ಆಗಿ ಸೇರಿದೆ. ಕನಕಪುರ ರಸ್ತೆಯ ಎರಡೂ ಬದಿಗೆ ಆಗಿನ್ನೂ ತೋಟಗಳಿದ್ದವು. ಕ್ವಿಜ್ ಮಾಡಿಸಿ ಮೇಡಂ ಎಂದು ಮಕ್ಕಳು ಕೇಳಿದರೆ, ಬೇರೆ ಟೀಚರ್ ಮಾಡಿಸ್ತಾರೆ ಅನ್ನುತ್ತಿದ್ದೆ.

ಎರಡು ಸಾವಿರದ ನಾಲ್ಕರ ಸುಮಾರಿಗೆ ಜಯನಗರದ ಒಂದು ಪುಸ್ತಕದಂಗಡಿಯಲ್ಲಿ ಸಾರ್ ಫೋಟೋ ಇದ್ದ ಪುಸ್ತಕ ಕಂಡಿತು. ಸಾವಿರ ಪ್ರಶ್ನೆಗಳು. ಅಂಗಡಿಯಲ್ಲೇ ನಿಂತು ತಿರುವಿದೆ. ಚೌಕಿ ಇತ್ತು. ಗೂಳಿ ಇತ್ತು. ರಕ್ಕಸಗಿ, ತಂಗಡಗಿ ಇತ್ತು. ವಾಕ್ಯ ಕೂಡ ಬದಲಾಗಿರಲಿಲ್ಲ. ನೃತ್ಯದ ಭಾಗದಲ್ಲಿ ಹಿತ್ತಾಳೆ ತಟ್ಟೆಯ ಪ್ರಶ್ನೆಗೆ ಉತ್ತರ, ಒಡಿಸ್ಸಿ. ನನ್ನ ನೋಟ್‌ಬುಕ್ಕನ್ನೇ ಪ್ರೆಸ್ಸಿಗೆ ಕೊಟ್ಟಿದ್ದರು. ಪುಸ್ತಕ ಕೊಂಡೆ. ಆಟೋ ಹಿಡಿದು ಮನೆಗೆ ಹೋದೆ.

ಅಪ್ಪ ಆಗ ಪ್ರೆಸ್ಸು ಬಿಟ್ಟಿದ್ದ. ಜಗುಲಿಯ ಮೇಲೆ ಕೂತಿದ್ದ. ಪುಸ್ತಕ ತೆಗೆದು ತೋರಿಸಿ, ಮೊದಲಿಂದ ಎಲ್ಲ ಹೇಳಿದೆ. ಯಾವ ತಪ್ಪು ಎಲ್ಲಿತ್ತು, ಯಾರ ಹತ್ತಿರ ಇತ್ತು, ಆ ಹುಡುಗ ಯಾಕೆ ಒಡಿಸ್ಸಿ ಅಂದ. ಆ ಹತ್ತು ಪದ್ಯಗಳನ್ನು ಎರಡನೇ ಸಲ ಹೇಳಿಸಿದ್ದನ್ನೂ ಹೇಳಿದೆ. ಆರು ವರ್ಷದ ಮೇಲೆ ಬಾಯಿಬಿಟ್ಟೆ.

'ಅವತ್ತು ನೀನು ಕೇಳಿದ್ಯಲ್ಲ ಅಪ್ಪ, ಕೊಟ್ಯಾ ಅಂತ. ಆ ದೊಡ್ಡ ಶಾಲೆಗೆ ಪ್ರಶ್ನೆ ಕೊಟ್ಟಿದ್ದು ಸಾರ್.'

'ನಾನು ಎಲ್ಲಿ ಹಂಗೆ ಕೇಳ್ದೆ?' ಅಂದ ಅಪ್ಪ.

'ಕೇಳ್ದೆ. ಹೊಂಗೆ ಮರದ ಕೆಳಗೆ.'

'ಇಲ್ಲಮ್ಮ. ನಿನ್ನ ಮೇಲೆ ನಂಗೆ ಯಾವತ್ತು ಅನುಮಾನ ಇತ್ತು? ನಾನ್ಯಾಕೆ ಕೇಳ್ತೀನಿ?'

ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಜಕ್ಕೂ ಅವನಿಗೆ ನೆನಪಿರಲಿಲ್ಲ. ನಾನು ಆರು ವರ್ಷ ಎದೆಯಲ್ಲಿಟ್ಟುಕೊಂಡು ತಿರುಗಿದ ಮಾತು ಅವನ ತಲೆಯಲ್ಲಿ ಎಲ್ಲೂ ಇರಲಿಲ್ಲ. ಅಪ್ಪ ಪುಸ್ತಕ ತಿರುಗಿಸಿ, ಬೆನ್ನು ಒತ್ತಿ ನೋಡಿ, 'ಹೊಲಿದಿಲ್ಲ, ಬರೀ ಗಮ್ ಹಾಕಿದಾರೆ. ವರ್ಷಕ್ಕೆ ಹಾಳೆ ಉದುರುತ್ತೆ' ಅಂದು ವಾಪಸ್ ಕೊಟ್ಟ.

ಎರಡು ಸಾವಿರದ ಎಂಟರಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂತು. ಬನಶಂಕರಿಯ ಒಂದು ಕಣ್ಣಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಡಾಕ್ಟರ್ ನೋಡುವ ಮೊದಲು ಕಣ್ಣಿಗೆ ಡ್ರಾಪ್ಸ್ ಹಾಕಲು ನೀಲಿ ಕೋಟಿನ ಒಬ್ಬ ಎತ್ತರದ ಹುಡುಗಿ ಬಂದಳು. ಚೀಟಿಯಲ್ಲಿ ವಿಳಾಸ ನೋಡಿ, ನನ್ನ ಮುಖ ನೋಡಿದಳು.

'ನೀವು ರೈಮ್ಸ್ ಅಕ್ಕ ಅಲ್ವಾ?' ಅಂದಳು.

ಟೈಲರ್ ಮಗಳು. ಹತ್ತು ವರ್ಷವಾಗಿತ್ತು. ಚೆನ್ನಾಗಿದೀಯಾ ಅಂದೆ. ಚೆನ್ನಾಗಿದೀನಿ ಅಂದಳು. ಗೆಳತಿಯ ಸುದ್ದಿ ಕೇಳಿದೆ, ಅವತ್ತಿನ ಮೇಲೆ ನೋಡಿಲ್ಲ ಅಂದಳು. ಅಪ್ಪನ ತಲೆ ಹಿಂದಕ್ಕೆ ಬಾಗಿಸಿ, ರೆಪ್ಪೆ ಬಿಡಿಸಿ, ಒಂದೊಂದೇ ಹನಿ ಹಾಕುತ್ತ ಕೇಳಿದಳು.

'ಅವತ್ತು ನಾನು ನಿಮ್ಮ ಹೆಸರು ಹೇಳಬಾರದಿತ್ತಾ ಅಕ್ಕ?'

'ಇಲ್ಲಮ್ಮ. ನೀನು ನಿಜ ಹೇಳ್ದೆ. ನಿನ್ನ ತಪ್ಪೇನಿದೆ.'

'ಮನೇಲಿ ಅಪ್ಪ ಹೊಡೆದ್ರು. ಸ್ಕೂಲಲ್ಲಿ ಎಲ್ಲಾ ಕಳ್ಳಿ ಅಂತಿದ್ರು. ನೀವು ಬಂದು ಹೇಳ್ತೀರಾ ಅಂದ್ಕೊಂಡಿದ್ದೆ.'

'ಬಂದಿದ್ದೆ. ಗೇಟಲ್ಲೇ ಕಳಿಸಿಬಿಟ್ರು.'

'ಆಮೇಲೆ ಅಲ್ಲ ಅಕ್ಕ. ಅಲ್ಲೇ. ಹಾಲಲ್ಲಿ. ನೀವು ಅಲ್ಲೇ ನಿಂತಿದ್ರಲ್ಲ, ಯಾಕೆ ಏನೂ ಮಾತಾಡ್ಲಿಲ್ಲ?'

'ಹೆದರ್ಕೊಂಡೆ' ಅಂದೆ.

ಅವಳು ಡ್ರಾಪ್ಸ್ ಬಾಟಲಿಯ ಮುಚ್ಚಳ ತಿರುಗಿಸಿದಳು. 'ನಾವೂ ಹೆದರ್ಕೊಂಡಿದ್ವಿ. ಹನ್ನೆರಡು ವರ್ಷ ನಮಗೆ' ಅಂದಳು. ದನಿಯಲ್ಲಿ ಜಗಳ ಇರಲಿಲ್ಲ. ಅಪ್ಪನ ಕೆನ್ನೆಗೆ ಇಳಿದ ಹನಿಯನ್ನು ಹತ್ತಿಯಿಂದ ಒರೆಸಿದಳು. ಅರ್ಧ ಗಂಟೆ ಕಣ್ಣು ಮುಚ್ಕೊಂಡಿರ್ಲಿ, ಆಮೇಲೆ ಡಾಕ್ಟರ್ ಕರೀತಾರೆ ಎಂದು ಹೇಳಿ, ಪಕ್ಕದ ಕುರ್ಚಿಯಲ್ಲಿದ್ದವರ ಚೀಟಿ ತೆಗೆದುಕೊಂಡಳು.

ಅಪ್ಪ ಕಣ್ಣು ಮುಚ್ಚಿಕೊಂಡೇ, 'ಯಾರಮ್ಮ ಆ ಹುಡುಗಿ?' ಅಂದ.

'ನಮ್ಮ ಬೀದಿಯವಳು' ಅಂದೆ.